ಮೊದಲು ದ್ವೀಪ, ಆಮೇಲೆ ನಗರ: ಮಕ್ಕಳೊಂದಿಗೆ ಅಂಡಮಾನ್–ಚೆನ್ನೈ ಪ್ರವಾಸಕ್ಕೆ ಹಂತ ಹಂತದ ಮಾರ್ಗದರ್ಶಿ

ಅಂಡಮಾನ್ ಪ್ರವಾಸ ಕೆಟ್ಟಿತು ಎಂದು ಹೇಳುವವರ ಕಥೆಯನ್ನು ಪೂರ್ತಿ ಕೇಳಿದರೆ ತಪ್ಪು ಹೆಚ್ಚಾಗಿ ಒಂದೇ ಕಡೆ ಸಿಗುತ್ತದೆ. ಹೋಗುವಾಗ ಚೆನ್ನೈಯಲ್ಲಿ ಎರಡು ದಿನ ಸುತ್ತಾಡುತ್ತಾರೆ. ಆಮೇಲೆ ದ್ವೀಪಗಳಿಗೆ ಹೋಗಿ, ಕೊನೆಯ ರಾತ್ರಿಯನ್ನು ಅವುಗಳಲ್ಲೊಂದಾದ ಹ್ಯಾವ್‌ಲಾಕ್‌ನಲ್ಲಿ ಕಳೆಯುತ್ತಾರೆ. ಬೆಳಗಿನ ಫೆರಿ ಹಿಡಿದು ಮಧ್ಯಾಹ್ನದ ವಿಮಾನ ಹತ್ತುವುದು ಅವರ ಲೆಕ್ಕ. ಅಂದು ಸಮುದ್ರ ಒಪ್ಪದಿದ್ದರೆ ಫೆರಿಯೂ ಇಲ್ಲ, ವಿಮಾನವೂ ಇಲ್ಲ.

ನಮಗೂ ಹಾಗೆಯೇ ಆಯಿತು. ಹ್ಯಾವ್‌ಲಾಕ್ ಜೆಟ್ಟಿಯ ತಗಡಿನ ಚಾವಣಿಯಡಿ ನಾಲ್ಕು ಚೀಲಗಳ ಮೇಲೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನಿಂತಿದ್ದೆವು. ಮಳೆ ಜೋರಾಗಿರಲಿಲ್ಲ, ಗಾಳಿ ಮಾತ್ರ ಬಿಡದೆ ಬೀಸುತ್ತಿತ್ತು. ಗೇಟಿನಲ್ಲಿದ್ದವರು, "ಇವತ್ತು ಯಾವುದೂ ಬಿಡುವುದಿಲ್ಲ, ನಾಳೆ ನೋಡೋಣ" ಎಂದರು. ವಿಮಾನದ ಟಿಕೆಟ್ ನೀರಿಗೆ ಹೋಯಿತು. ಮರುದಿನದ ವಿಮಾನಗಳಲ್ಲಿ ನಾಲ್ಕು ಸೀಟು ಒಟ್ಟಿಗೆ ಸಿಗಲಿಲ್ಲ. ಅದಕ್ಕೂ ಹಿಂದಿನ ವಾರ ಚೆನ್ನೈಯಲ್ಲಿ ಖರ್ಚು ಮಾಡಿದ ಎರಡು ದಿನಗಳು ಪ್ರವಾಸದ ಕೊನೆಯಲ್ಲಿದ್ದಿದ್ದರೆ ಅಷ್ಟು ನಷ್ಟವಾಗುತ್ತಿರಲಿಲ್ಲ.

ಅದಕ್ಕೇ ನಾನು ಮೊದಲು ಹೇಳುವುದು ಇದನ್ನು: ನಗರದ ತಂಗುವಿಕೆಯನ್ನು ಮರಳುವ ದಾರಿಗೆ ಇಡಿ. ನಗರದಲ್ಲಿ ಒಂದು ದಿನ ಕಡಿಮೆಯಾದರೆ ಒಂದು ಸಂಗ್ರಹಾಲಯ ತಪ್ಪುತ್ತದೆ, ಅಷ್ಟೆ. ದ್ವೀಪದಲ್ಲಿ ಒಂದು ದಿನ ಹೆಚ್ಚಾದರೆ ಮುಂದಿನ ಟಿಕೆಟ್‌ಗಳೆಲ್ಲ ಕೈತಪ್ಪುತ್ತವೆ.

ಹಂತ 1: ದಿನಗಳನ್ನು ಕೊನೆಯಿಂದ ಎಣಿಸಿ

ಕಾಗದ ತೆಗೆದುಕೊಂಡು ಮನೆ ಸೇರಬೇಕಾದ ದಿನಾಂಕವನ್ನು ಮೊದಲು ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬನ್ನಿ: ಚೆನ್ನೈಯಲ್ಲಿ ಎರಡು ರಾತ್ರಿ, ಅದಕ್ಕೂ ಮುಂಚೆ ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ, ಅದಕ್ಕೂ ಮುಂಚೆ ನೀಲ್ ದ್ವೀಪದಲ್ಲಿ ಒಂದು ಅಥವಾ ಎರಡು, ಹ್ಯಾವ್‌ಲಾಕ್‌ನಲ್ಲಿ ಮೂರು, ಬಂದಿಳಿದ ದಿನ ಪೋರ್ಟ್ ಬ್ಲೇರ್‌ನಲ್ಲಿ ಒಂದು. ಒಟ್ಟು ಒಂಬತ್ತು ಅಥವಾ ಹತ್ತು ರಾತ್ರಿ.

ಅಷ್ಟು ರಜೆ ಇಲ್ಲದಿದ್ದರೆ ಏನನ್ನು ಕತ್ತರಿಸಬೇಕು? ನೀಲ್ ಬಿಡಿ. ಅದೂ ಸಾಲದಿದ್ದರೆ ಚೆನ್ನೈಯನ್ನು ಒಂದು ರಾತ್ರಿಗೆ ಇಳಿಸಿ. ಮರಳುವಾಗಿನ ಪೋರ್ಟ್ ಬ್ಲೇರ್ ರಾತ್ರಿಗಳನ್ನು ಮಾತ್ರ ಮುಟ್ಟಬೇಡಿ. ಸುಮ್ಮನೆ ವ್ಯರ್ಥವಾಗುವಂತೆ ಕಾಣುವ ಈ ಬಿಡುವಿನ ದಿನವನ್ನೇ ಜನ ಮೊದಲು ಕೈಬಿಡುತ್ತಾರೆ, ಫೆರಿ ನಿಂತ ದಿನ ಪರದಾಡುತ್ತಾರೆ.

ಹೆಸರುಗಳ ಗೊಂದಲವನ್ನೂ ಈಗಲೇ ಬಗೆಹರಿಸಿಕೊಳ್ಳಿ. 2018ರಿಂದ ಹ್ಯಾವ್‌ಲಾಕ್ ಅಧಿಕೃತವಾಗಿ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ರಾಸ್ ದ್ವೀಪವು ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಟಿಕೆಟ್‌ಗಳಲ್ಲಿ ಹಳೆಯದು, ಹೊಸದು ಎರಡೂ ಬರುತ್ತವೆ. ಬೇರೆ ಊರಿಗೆ ಟಿಕೆಟ್ ಮಾಡಿಬಿಟ್ಟೆವೇನೋ ಎಂದು ಗಾಬರಿಯಾಗಬೇಡಿ.

ಹಂತ 2: ತಿಂಗಳನ್ನು ಸಮುದ್ರ ನೋಡಿ ಆರಿಸಿ

ನೈಋತ್ಯ ಮುಂಗಾರು ನಮ್ಮ ಕರಾವಳಿಗಿಂತ ಮುಂಚೆ, ಮೇ ಮೂರನೆಯ ವಾರದ ಹೊತ್ತಿಗೇ ಅಂಡಮಾನ್ ಮುಟ್ಟುತ್ತದೆ. ಬೇಸಿಗೆ ರಜೆ ಇದೆಯಲ್ಲ ಎಂದು ಮೇ ಕೊನೆಗೆ ಟಿಕೆಟ್ ಮಾಡುವವರು ಸಿಕ್ಕಿಕೊಳ್ಳುವುದು ಇಲ್ಲಿಯೇ. ಮಕ್ಕಳೊಂದಿಗೆ ಹೋಗಲು ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನ ಕಾಲ ಒಳ್ಳೆಯದು. ನೀರು ತಿಳಿಯಾಗಿರುತ್ತದೆ, ಅಲೆ ಕಡಿಮೆ.

ಡಿಸೆಂಬರ್ ರಜೆಯೇ ಬೇಕು ಎನ್ನುವವರು ಎರಡು ಘಟನೆಗಳನ್ನು ನೆನಪಿಡಿ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಗಾಳಿಗೆ ಫೆರಿಗಳು ನಿಂತು ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ಕೊನೆಗೆ ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ವಿಮಾನ ನಿಲ್ದಾಣವೇ ಮುಚ್ಚಿತ್ತು. ಡಿಸೆಂಬರ್‌ನಲ್ಲಿ ಹೋಗಬಾರದೆಂದಲ್ಲ, ಬಿಡುವಿನ ದಿನವಿಲ್ಲದೆ ಹೋಗಬಾರದು. ಹೊರಡುವ ವಾರ ಹವಾಮಾನ ಇಲಾಖೆಯ ಬಂಗಾಳ ಕೊಲ್ಲಿಯ ಮುನ್ಸೂಚನೆಯನ್ನು ದಿನವೂ ನೋಡಿ. 'ವಾಯುಭಾರ ಕುಸಿತ' ಎಂಬ ಮಾತು ಕಂಡ ಕೂಡಲೇ ದ್ವೀಪದ ದಿನಗಳನ್ನು ಹಿಂದೆ ಮುಂದೆ ಮಾಡಲು ಸಿದ್ಧರಾಗಿ.

ಹಂತ 3: ಟಿಕೆಟ್‌ಗಳನ್ನು ಈ ಕ್ರಮದಲ್ಲೇ ಮಾಡಿ

ಮೊದಲು ವಿಮಾನ. ಬೆಂಗಳೂರಿನಿಂದ ಹೋಗುವಾಗ ನೇರ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಚೆನ್ನೈಯಲ್ಲಿ ವಿಮಾನ ಬದಲಿಸುವ ಒಂದೇ ಟಿಕೆಟ್ ಮಾಡಿ. ಎರಡು ಬೇರೆ ಬೇರೆ ಟಿಕೆಟ್ ಮಾಡಿ ಮೊದಲ ವಿಮಾನ ತಡವಾದರೆ, ಎರಡನೆಯ ವಿಮಾನ ತಪ್ಪಿದ್ದಕ್ಕೆ ಯಾರೂ ಹೊಣೆಯಾಗುವುದಿಲ್ಲ. ಚೀಲಗಳನ್ನೂ ಹೊರಗೆ ತಂದು ಮತ್ತೆ ಒಪ್ಪಿಸಬೇಕು. ಬರುವಾಗ ಪೋರ್ಟ್ ಬ್ಲೇರ್‌ನಿಂದ ಚೆನ್ನೈವರೆಗೆ ಮಾತ್ರ ಟಿಕೆಟ್ ಮಾಡಿ. ಎರಡೂಕಾಲು ಗಂಟೆಯ ಹಾರಾಟ ಅದು.

ಎರಡನೆಯದು ಫೆರಿ. ಹೋಟೆಲ್ ಮೊದಲು ಮಾಡಿ ಫೆರಿಯನ್ನು ಆಮೇಲೆ ನೋಡುವುದು ತಲೆಕೆಳಗಾದ ಕ್ರಮ. ರಜೆಯ ದಿನಗಳಲ್ಲಿ ಒಂದು ಕುಟುಂಬಕ್ಕೆ ಬೇಕಾದಷ್ಟು ಸೀಟು ಒಟ್ಟಿಗೆ ಸಿಗುವುದು ಫೆರಿಯಲ್ಲೇ ಕಷ್ಟ. ಖಾಸಗಿ ಫೆರಿಗಳು ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತವೆ. ಸರ್ಕಾರಿ ಫೆರಿಗೆ ಎರಡೂವರೆ ಗಂಟೆ, ದರವೂ ಅಗ್ಗ. ಬೆಳಗಿನ ಫೆರಿಯನ್ನೇ ಆರಿಸಿ. ಅದು ರದ್ದಾದರೂ ಮಧ್ಯಾಹ್ನದ್ದಕ್ಕೆ ಪ್ರಯತ್ನಿಸಲು ಹೊತ್ತಿರುತ್ತದೆ.

ಮೂರನೆಯದಾಗಿ ದ್ವೀಪದ ಹೋಟೆಲ್‌ಗಳು, ಕೊನೆಗೆ ಚೆನ್ನೈಯ ಹೋಟೆಲ್. ಚೆನ್ನೈಯದು ಹಿಂದಿನ ದಿನದವರೆಗೆ ಹಣ ಕಡಿಯದೆ ರದ್ದು ಮಾಡಬಹುದಾದದ್ದೇ ಆಗಿರಲಿ, ಬಾಡಿಗೆ ತುಸು ಹೆಚ್ಚಾದರೂ ಸರಿ. ಚೆನ್ನೈಯಿಂದ ಊರಿಗೆ ರೈಲು ಸಾಕು. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು ತೆರೆಯುತ್ತದೆ. ಆ ದಿನಾಂಕವನ್ನೂ ಕಾಗದದಲ್ಲಿ ಗುರುತು ಹಾಕಿಕೊಳ್ಳಿ.

ಹಂತ 4: ಚೀಲ ಕಟ್ಟುವುದು

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಮಿತಿಗಿಂತ ಕಡಿಮೆಯೇ ಇರಲಿ, ಏಕೆಂದರೆ ಈ ಚೀಲಗಳನ್ನು ಜೆಟ್ಟಿಗಳಲ್ಲಿ ಹೊರುವವರು ನೀವೇ. ನಗರದ ಬಟ್ಟೆಗಳನ್ನು ಬೇರೆ ಚೀಲದಲ್ಲಿ ಕಟ್ಟಿ. ಮರಳಿ ಪೋರ್ಟ್ ಬ್ಲೇರ್‌ನಲ್ಲಿ ಅದೇ ಹೋಟೆಲಿಗೆ ಬರುವುದಾದರೆ ಆ ಚೀಲವನ್ನು ಅಲ್ಲಿಯೇ ಇಡಬಹುದೇ ಎಂದು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಮರೆಯಬಾರದವು ಇವು. ಎಲ್ಲರ ಮೂಲ ಗುರುತಿನ ಚೀಟಿ ಬೇಕು, ಮಕ್ಕಳದ್ದೂ ಬೇಕು, ಫೆರಿ ಹತ್ತುವಾಗಲೂ ಕೇಳುತ್ತಾರೆ. ಮಕ್ಕಳಿಗೆ ಉದ್ದ ತೋಳಿನ ಈಜುಡುಪು ಇರಲಿ. ಬೆನ್ನಿಗೆ ಹಚ್ಚಿದ ಲೇಪ ನೀರಿನಲ್ಲಿ ತೊಳೆದುಹೋಗುತ್ತದೆ, ಬಟ್ಟೆ ಹೋಗುವುದಿಲ್ಲ. ದಪ್ಪ ಅಡಿಯ ರಬ್ಬರ್ ಬೂಟು ಬೇಕು, ಏಕೆಂದರೆ ಸತ್ತ ಹವಳದ ಅಂಚು ಬ್ಲೇಡಿನಂತೆ ಕುಯ್ಯುತ್ತದೆ. ಹ್ಯಾವ್‌ಲಾಕ್‌ನ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು ನೊಣಗಳಿವೆ. ಅವು ಕಚ್ಚಿದ ಜಾಗವನ್ನು ಮಕ್ಕಳು ಕೆರೆದು ಹುಣ್ಣು ಮಾಡಿಕೊಳ್ಳುತ್ತಾರೆ. ಕೀಟನಿವಾರಕ, ತುರಿಕೆಯ ಮುಲಾಮು, ಸಂಜೆಗೆ ಉದ್ದ ಪ್ಯಾಂಟು ಇಟ್ಟುಕೊಳ್ಳಿ.

ನಗದು ಹಣವನ್ನೂ ಒಯ್ಯಿರಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಬಹಳ ಸುಧಾರಿಸಿದೆ, ಮೊಬೈಲಿನಿಂದ ಹಣ ಕೊಡುವುದೂ ನಡೆಯುತ್ತದೆ. ಆದರೂ ಸಣ್ಣ ದ್ವೀಪಗಳಲ್ಲಿ ಸಿಗ್ನಲ್ ಕೈಕೊಡುವ ಹೊತ್ತಿದೆ, ಎಟಿಎಂಗಳು ಬೆರಳೆಣಿಕೆಯಷ್ಟು. ಫೆರಿ ರದ್ದಾಗಿ ಒಂದು ರಾತ್ರಿ ಹೆಚ್ಚಾದರೆ ಕೊಠಡಿಗೂ ಊಟಕ್ಕೂ ಸಾಕಾಗುವಷ್ಟು ನೋಟು ಬೇರೆಯಾಗಿ ಕಟ್ಟಿಡಿ.

ಹಂತ 5: ಮೊದಲ ದಿನ ಪೋರ್ಟ್ ಬ್ಲೇರ್ ದಾಟಬೇಡಿ

ಬೆಳಿಗ್ಗೆ ಇಳಿದು ಮಧ್ಯಾಹ್ನದ ಫೆರಿ ಹಿಡಿಯಬಹುದು ಎಂದು ಅನೇಕರು ಸಲಹೆ ಕೊಡುತ್ತಾರೆ. ವಿಮಾನ ಒಂದು ಗಂಟೆ ತಡವಾದರೂ ಈ ಲೆಕ್ಕ ತಪ್ಪುತ್ತದೆ. ನಸುಕಿನಲ್ಲಿ ಎದ್ದು ಬಂದ ಮಗುವನ್ನು ಅದೇ ದಿನ ತೂಗಾಡುವ ಫೆರಿಗೆ ಹತ್ತಿಸುವುದೂ ಸರಿಯಲ್ಲ. ಊಟ ಮಾಡಿಸಿ, ಮಲಗಿಸಿ. ಸಂಜೆ ಸೆಲ್ಯುಲರ್ ಜೈಲು ಮತ್ತು ಅಲ್ಲಿನ ಧ್ವನಿ–ಬೆಳಕು ಕಾರ್ಯಕ್ರಮ ಸಾಕು.

ಇಲ್ಲಿ ಒಂದು ವಿಷಯ ಎಲ್ಲರನ್ನೂ ಏಮಾರಿಸುತ್ತದೆ. ದ್ವೀಪಗಳು ನಮಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. 'ಬಿಸಿಲು ಇಳಿದ ಮೇಲೆ ನಾಲ್ಕಕ್ಕೆ ಸಮುದ್ರಕ್ಕೆ ಹೋಗೋಣ' ಎಂದರೆ ಸಿಗುವುದು ಒಂದೇ ಗಂಟೆ. ಐದೂವರೆಯ ಹೊತ್ತಿಗೆ ಬೆಳಗಾಗಿರುತ್ತದೆ. ಮೊದಲ ರಾತ್ರಿಯಿಂದಲೇ ಎಂಟೂವರೆಗೆ ಮಲಗಿ ಐದಕ್ಕೆ ಏಳುವ ರೂಢಿ ಮಾಡಿ.

ಹಂತ 6: ಫೆರಿ ಹತ್ತುವ ಮುನ್ನ

ಹೊರಡುವ ಒಂದು ಗಂಟೆ ಮೊದಲು ಜೆಟ್ಟಿಯಲ್ಲಿರಿ. ಯಾವ ಜೆಟ್ಟಿ ಎಂಬುದನ್ನು ಟಿಕೆಟ್‌ನಲ್ಲಿ ಓದಿ: ಸರ್ಕಾರಿ ಫೆರಿಗಳು ಫೀನಿಕ್ಸ್ ಬೇಯಿಂದ, ಖಾಸಗಿಯವು ಸಾಮಾನ್ಯವಾಗಿ ಹ್ಯಾಡೊದಿಂದ ಹೊರಡುತ್ತವೆ. ವಿಮಾನ ನಿಲ್ದಾಣದಂತೆ ಇಲ್ಲಿಯೂ ಚೀಲಗಳ ತಪಾಸಣೆ ಇರುತ್ತದೆ.

ಹೊಟ್ಟೆ ಖಾಲಿಯೂ ಇರಬಾರದು, ಭಾರವೂ ಆಗಬಾರದು. ಎರಡು ಇಡ್ಲಿ ತಿಂದವರು ಸುಖವಾಗಿರುತ್ತಾರೆ, ಪೂರಿ ತಿಂದವರು ಪಡುವ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವಾಕರಿಕೆ ತಡೆಯುವ ಮಾತ್ರೆ ಕೆಲಸ ಮಾಡುವುದು ಮುಂಚೆ ನುಂಗಿದರೆ ಮಾತ್ರ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಮಕ್ಕಳಿಗೆ ಯಾವ ಮಾತ್ರೆ, ಎಷ್ಟು ಎಂಬುದನ್ನು ಊರಿನಲ್ಲೇ ವೈದ್ಯರಿಂದ ಬರೆಸಿಕೊಳ್ಳಿ.

ಫೆರಿಯ ಮುಂಭಾಗವೇ ಹೆಚ್ಚು ಏಳುತ್ತದೆ, ಬೀಳುತ್ತದೆ. ಕೆಳ ಅಂತಸ್ತಿನಲ್ಲಿ ನಡುವಿನಿಂದ ಹಿಂದಿನ ಸೀಟು ಕೇಳಿ. ಮಕ್ಕಳ ಕೈಯಿಂದ ಮೊಬೈಲ್ ತೆಗೆದುಕೊಂಡು ಕಿಟಕಿಯಾಚೆ ನೀರು–ಆಕಾಶ ಕೂಡುವ ಗೆರೆಯನ್ನು ನೋಡಲು ಹೇಳಿ. ಮಾತನಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ, ಆಕಳಿಸಿ, ತುಟಿ ಬಿಳಿಚಿಕೊಂಡರೆ ಅದೇ ಸೂಚನೆ. ವಾಂತಿಗೆ ಇನ್ನೈದು ನಿಮಿಷವೂ ಇರುವುದಿಲ್ಲ. ಚೀಲ, ನೀರು, ಒದ್ದೆ ಬಟ್ಟೆ ಕಾಲ ಬಳಿಯೇ ಇರಲಿ.

ಹಂತ 7: ದಿನವನ್ನು ಉಬ್ಬರವಿಳಿತ ನೋಡಿ ಹಂಚಿ

ಗಡಿಯಾರಕ್ಕಿಂತ ಸಮುದ್ರದ ಉಬ್ಬರವಿಳಿತ ಮುಖ್ಯ ಎಂಬುದನ್ನು ತಿಳಿಯದೆ ಅನೇಕರ ಬೆಳಗುಗಳು ಹಾಳಾಗುತ್ತವೆ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಹೋಟೆಲ್‌ನಲ್ಲಿ ಅಥವಾ ಡೈವಿಂಗ್ ಕೇಂದ್ರದಲ್ಲಿ ಮರುದಿನದ ವೇಳೆ ಕೇಳಿ ಬರೆದುಕೊಳ್ಳಿ.

ಈಜಲು ಉಬ್ಬರ ಬೇಕು. ನೀಲ್‌ನ ಭರತ್‌ಪುರ ತೀರದಲ್ಲಿ ಇಳಿತದ ಹೊತ್ತಿಗೆ ಹೋದರೆ ದೂರದವರೆಗೆ ಮೊಣಕಾಲಷ್ಟೇ ನೀರು, ಅಡಿಯಲ್ಲಿ ಹವಳ. ಅದೇ ನೀಲ್‌ನ ನೈಸರ್ಗಿಕ ಕಲ್ಲಿನ ಸೇತುವೆಗೆ ಇಳಿತ ಬೇಕು. ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಮುದ್ರ ಸೌತೆ, ಪುಟ್ಟ ಮೀನುಗಳು ಸಿಕ್ಕಿಕೊಂಡಿರುತ್ತವೆ, ಮಕ್ಕಳು ಗಂಟೆಗಟ್ಟಲೆ ಏಳುವುದಿಲ್ಲ. ಆದರೆ ಪಾಚಿಗಟ್ಟಿದ ಬಂಡೆ ಜಾರುತ್ತದೆ. ನೀರು ತಿರುಗಿ ಏರಲು ಶುರುವಾಗುವ ಮುಂಚೆ ಹೊರಡಿ.

ಹ್ಯಾವ್‌ಲಾಕ್‌ನ ರಾಧಾನಗರ ತೀರ ಮರಳಿನದು, ಹವಳವಿಲ್ಲ. ಅಲೆಯಲ್ಲಿ ಆಡಲು ಅದು, ಮೀನು ನೋಡಲು ಎಲಿಫೆಂಟ್ ಬೀಚ್. ಎಲಿಫೆಂಟ್ ಬೀಚ್‌ಗೆ ಜೆಟ್ಟಿಯಿಂದ ದೋಣಿಯಲ್ಲಿ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಜನಜಂಗುಳಿ.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳನ್ನು ಸಣ್ಣ ಮಕ್ಕಳಿರುವ ಪ್ರವಾಸಕ್ಕೆ ಸೇರಿಸಬೇಡಿ ಎನ್ನುವುದು ನನ್ನ ಅಭಿಪ್ರಾಯ. ನಸುಕಿಗೂ ಮುಂಚೆ ಹೊರಟು ಜಿರ್ಕಾಟಾಂಗ್‌ನಲ್ಲಿ ವಾಹನಗಳ ಸಾಲಿಗೆ ಕಾಯಬೇಕು. ದಾರಿ ಜಾರವಾ ಬುಡಕಟ್ಟು ಜನರ ಮೀಸಲು ಪ್ರದೇಶದ ಮೂಲಕ ಹೋಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಚಿತ್ರ ತೆಗೆಯುವುದು ಶಿಕ್ಷಾರ್ಹ ಅಪರಾಧ. ಅದು ಅವರ ಮನೆ, ಮನುಷ್ಯರನ್ನು ನೋಡಲೆಂದು ಹೋಗುವ ಜಾಗವಲ್ಲ.

ಹಂತ 8: ಮಕ್ಕಳನ್ನು ನೀರಿಗಿಳಿಸುವುದು

ಸ್ನಾರ್ಕೆಲಿಂಗ್‌ನಲ್ಲಿ (ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು) ಮಕ್ಕಳು ಹೆದರುವುದು ಸಮುದ್ರಕ್ಕಲ್ಲ, ಮಾಸ್ಕ್‌ನೊಳಗೆ ಬರುವ ನೀರಿಗೆ. ಅದನ್ನು ದಡದಲ್ಲೇ ಸರಿಪಡಿಸಬೇಕು.

ಮಾಸ್ಕ್‌ನ ಪಟ್ಟಿ ಹಾಕದೆ ಮಗುವಿನ ಮುಖಕ್ಕೆ ಒತ್ತಿ, ಮೂಗಿನಿಂದ ಒಳಕ್ಕೆ ಉಸಿರೆಳೆಯಲು ಹೇಳಿ, ಕೈ ಬಿಡಿ. ಮಾಸ್ಕ್ ಮುಖಕ್ಕೆ ಅಂಟಿಕೊಂಡು ನಿಂತರೆ ಅಳತೆ ಸರಿ. ಬಿದ್ದರೆ ಬೇರೆಯದನ್ನು ಕೇಳಿ, ನಾಲ್ಕನೆಯದನ್ನು ಕೇಳಲೂ ಸಂಕೋಚ ಬೇಡ. ನಮ್ಮ ಮಗಳಿಗೆ ಮೂರು ಮಾಸ್ಕ್ ಬದಲಿಸಿದರೂ ನೀರು ಬರುತ್ತಲೇ ಇತ್ತು. ದೋಣಿಯ ಹುಡುಗ ಬಂದು, ಅವಳ ಹಣೆಯ ಮುಂದೆ ಇಳಿದಿದ್ದ ನಾಲ್ಕು ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದ. ಮಾಸ್ಕ್‌ನ ಅಂಚಿನಡಿ ಸಿಕ್ಕಿದ್ದ ಆ ಕೂದಲಿನ ಸಂದಿಯಿಂದಲೇ ನೀರು ಜಿನುಗುತ್ತಿತ್ತು. ಅರ್ಧ ಗಂಟೆಯ ಅಳು ಅಲ್ಲಿಗೆ ನಿಂತಿತು. ಪಟ್ಟಿಯನ್ನು ಬಿಗಿ ಮಾಡಿದಷ್ಟೂ ನೀರು ನಿಲ್ಲುತ್ತದೆ ಎನ್ನುವುದು ತಪ್ಪು. ಹೆಚ್ಚು ಬಿಗಿದರೆ ಅಂಚು ಮಡಚಿ ಇನ್ನಷ್ಟು ಸೋರುತ್ತದೆ.

ಆಮೇಲೆ ಸೊಂಟದ ಆಳದಲ್ಲಿ ನಿಂತು, ಮುಖವನ್ನಷ್ಟೇ ನೀರಿಗೆ ಬಾಗಿಸಿ ಬಾಯಿಯ ಕೊಳವೆಯಿಂದ ಇಪ್ಪತ್ತು ಉಸಿರು ಎಣಿಸಲಿ. ಆ ಇಪ್ಪತ್ತು ಮುಗಿಯುವವರೆಗೆ ಆಳಕ್ಕೆ ಹೋಗುವ ಮಾತೇ ಬೇಡ. ಎಷ್ಟೇ ಚೆನ್ನಾಗಿ ಈಜಲು ಬಂದರೂ ಲೈಫ್ ಜಾಕೆಟ್ ಇರಲಿ, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಕೈಯಳತೆಯಲ್ಲಿರಲಿ. ತುಟಿ ನೀಲಿಯಾದರೆ, ನಡುಗಿದರೆ, ಮಾಸ್ಕನ್ನು ಪದೇ ಪದೇ ಹಣೆಗೆ ಏರಿಸಿಕೊಂಡರೆ ದಡಕ್ಕೆ ಕರೆತನ್ನಿ. ಹವಳದ ಮೇಲೆ ನಿಲ್ಲಬಾರದು, ಮುಟ್ಟಲೂಬಾರದು. ಅದು ಕಲ್ಲಿನಂತೆ ಕಂಡರೂ ಜೀವವಿರುವುದು.

ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಡೈವಿಂಗ್ ಹತ್ತು ವರ್ಷ ತುಂಬಿದವರಿಗೆ. ನೆಗಡಿ ಇದ್ದರೆ ಯಾರಿಗೂ ಬೇಡ, ಕಿವಿಯ ಒತ್ತಡ ಸರಿಹೋಗದೆ ತಮಟೆಗೆ ಪೆಟ್ಟಾಗುತ್ತದೆ. ಆರೋಗ್ಯದ ಪ್ರಶ್ನಾವಳಿ ಕೊಟ್ಟಾಗ ಉಬ್ಬಸ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಡೈವಿಂಗ್ ಮಾಡಿ ಕೂಡಲೇ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಎತ್ತರದಲ್ಲಿ ಗುಳ್ಳೆಗಟ್ಟುವ ಅಪಾಯವಿದೆ. ಹಲವು ಡೈವ್ ಮಾಡಿದವರಿಗೆ ಕನಿಷ್ಠ 18 ಗಂಟೆಯ ಅಂತರ ಬೇಕು ಎನ್ನುತ್ತಾರೆ, ನಾನು ಎಲ್ಲರಿಗೂ 24 ಎಂದೇ ಹಿಡಿಯುತ್ತೇನೆ. ಅದಕ್ಕೂ ಆ ಬಿಡುವಿನ ದಿನ ಉಪಯೋಗಕ್ಕೆ ಬರುತ್ತದೆ. ಅಜ್ಜ–ಅಜ್ಜಿ ಜೊತೆಗಿದ್ದರೆ ಗಾಜಿನ ತಳದ ದೋಣಿ ಇದೆ.

ಮೊಸಳೆಯ ಎಚ್ಚರಿಕೆ ಫಲಕವಿರುವಲ್ಲಿ ಕಾಲು ಕೂಡ ಅದ್ದಬೇಡಿ. ಇಲ್ಲಿರುವುದು ಉಪ್ಪು ನೀರಿನ ಮೊಸಳೆ, ಕಾಂಡ್ಲಾಕಾಡು (ಮ್ಯಾಂಗ್ರೋವ್) ಮತ್ತು ಹಳ್ಳ ಸಮುದ್ರ ಸೇರುವ ಜಾಗಗಳು ಅದರವು. ಮುಸ್ಸಂಜೆಯಲ್ಲಿ ಅಂಥ ಕಡೆ ಸುಳಿಯದಿರುವುದೇ ಸರಿ.

ಹಂತ 9: ಮರಳಿ ಪೋರ್ಟ್ ಬ್ಲೇರ್‌ಗೆ, ಬಿಡುವಿನ ದಿನ

ಫೆರಿ ಸರಿಯಾಗಿ ಬಂದರೆ ಈ ದಿನ ನಿಮಗೆ ಲಾಭ. ವಂಡೂರಿನ ಮಹಾತ್ಮ ಗಾಂಧಿ ಸಮುದ್ರ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. ಅಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಋತುವಿಗೆ ಒಂದರಂತೆ ತೆರೆಯುತ್ತಾರೆ. ಅರಣ್ಯ ಇಲಾಖೆಯ ಪರವಾನಗಿ ಮೊದಲೇ ಬೇಕು, ಪ್ಲಾಸ್ಟಿಕ್ ಒಯ್ಯುವಂತಿಲ್ಲ. ದಣಿವಾಗಿದ್ದರೆ ರಾಸ್ ದ್ವೀಪಕ್ಕೆ ಸಣ್ಣ ದೋಣಿ ಪ್ರಯಾಣವೇ ಸಾಕು.

ರಾತ್ರಿ ಮಕ್ಕಳ ಜೇಬು, ಬೂಟು, ಬಕೆಟ್‌ಗಳನ್ನೆಲ್ಲ ಒಮ್ಮೆ ಸುರಿದು ನೋಡಿ. ತೀರದಲ್ಲಿ ಹೆಕ್ಕಿದ ಹವಳದ ತುಂಡು, ಚಿಪ್ಪು ಒಯ್ಯುವಂತಿಲ್ಲ. ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಇವನ್ನು ಹುಡುಕಿ ತೆಗೆಯುತ್ತಾರೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುವಿಗೆ ರಸೀದಿ ಜೊತೆಗಿರಲಿ.

ಹಂತ 10: ಚೆನ್ನೈಯಲ್ಲಿ ಎರಡು ದಿನ

ಹೋಟೆಲನ್ನು ಊರಿನ ರೈಲು ಹೊರಡುವ ಸೆಂಟ್ರಲ್ ಅಥವಾ ಎಗ್ಮೋರ್ ಬಳಿ ಹಿಡಿಯಿರಿ. ವಿಮಾನ ನಿಲ್ದಾಣದಿಂದ ಸೆಂಟ್ರಲ್‌ಗೆ ಮೆಟ್ರೊ ಇದೆ, ಚೀಲಗಳೊಂದಿಗೂ ಸಲೀಸು. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಬಟ್ಟೆ ಒಗೆಸಿ, ಮಕ್ಕಳನ್ನು ನಿದ್ದೆ ಮಾಡಿಸಿ, ಸಂಜೆ ಮರೀನಾಕ್ಕೆ ಹೋಗಿ.

ಅತಿ ದೊಡ್ಡ ಅಪಾಯ ಇರುವುದು ಇಲ್ಲಿ. ಒಂದು ವಾರ ಸಮುದ್ರದಲ್ಲಿ ಆಡಿ ಧೈರ್ಯ ಬಂದ ಮಕ್ಕಳು ಮರೀನಾದಲ್ಲೂ ನೇರವಾಗಿ ನೀರಿಗೆ ಓಡುತ್ತಾರೆ. ಮರೀನಾದ ಒಳಸೆಳೆತ ಬಲವಾದದ್ದು, ಅಲ್ಲಿ ಸ್ನಾನ, ಈಜು ನಿಷಿದ್ಧ. ವಾಹನದಿಂದ ಇಳಿಯುವ ಮುಂಚೆಯೇ, ಇದು ನೋಡುವ ಸಮುದ್ರ, ಇಳಿಯುವ ಸಮುದ್ರವಲ್ಲ ಎಂದು ಹೇಳಿ ಕೈ ಹಿಡಿದುಕೊಳ್ಳಿ.

ಎರಡನೆಯ ದಿನಕ್ಕೆ ಪೂರ್ವ ಕರಾವಳಿ ರಸ್ತೆ. ಬೆಳಿಗ್ಗೆ ಮಹಾಬಲಿಪುರ, ಬಿಸಿಲೇರುವ ಮುಂಚೆ ಶಿಲ್ಪಗಳನ್ನು ನೋಡಿ, ಮರಳುವಾಗ ಅದೇ ರಸ್ತೆಯ ಮೊಸಳೆ ಉದ್ಯಾನ. ಫಲಕದಲ್ಲಷ್ಟೇ ಕಂಡಿದ್ದ ಉಪ್ಪು ನೀರಿನ ಮೊಸಳೆಯನ್ನು ಮಕ್ಕಳು ಇಲ್ಲಿ ಬೇಲಿಯಾಚೆಯಿಂದ ನೋಡಬಹುದು. ವಾರದ ರಜೆಗಳನ್ನು ಗಮನಿಸಿ: ಮೊಸಳೆ ಉದ್ಯಾನಕ್ಕೆ ಸೋಮವಾರ, ವಂಡಲೂರು ಮೃಗಾಲಯಕ್ಕೆ ಮಂಗಳವಾರ, ಎಗ್ಮೋರ್ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ.

ದ್ವೀಪದಲ್ಲಿ ಒಂದು ದಿನ ಸಿಕ್ಕಿಬಿದ್ದು ಬಂದಿದ್ದರೆ ಮಹಾಬಲಿಪುರವನ್ನು ಕೈಬಿಟ್ಟು ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆದು ರೈಲು ಹತ್ತಿ. ಊರು ಸೇರಿದ ಮುಂದಿನ ಕೆಲವು ವಾರಗಳಲ್ಲಿ ಯಾರಿಗಾದರೂ ಚಳಿ ಜ್ವರ ಬಂದರೆ, ಅಂಡಮಾನಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲೇ ತಿಳಿಸಿ. ದ್ವೀಪಗಳಲ್ಲಿ ಮಲೇರಿಯಾ ಇದೆ, ರಕ್ತ ಪರೀಕ್ಷೆಗೆ ತಡ ಮಾಡಬೇಡಿ.